ಮನೆಮಾತು: ಜಪಸರದ ನಂತರ ಎರಡು ಗ್ಲಾಸು, ಒಂದು ಚಾಕೊಲೇಟು



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾಗ ಯುವ ದಂಪತಿಗಳಿಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಮದುವೆಗೆ ಮೊದಲಿನ ತರಬೇತಿ ಶಿಬಿರದಲ್ಲಿ ನಮ್ಮ ಎದುರಿನ ಬೆಂಚಿನಲ್ಲಿ ಕೂತು, ನಮ್ಮ ಉಪನ್ಯಾಸದ ನಡುವೆ ಮೆಲ್ಲನೆ ನಗುತ್ತಿದ್ದವರೇ. ಹುಡುಗ ಹೇಳಿದ: "ಅಂಕಲ್, ಮೊದಲ ವರ್ಷದ ವಾರ್ಷಿಕೋತ್ಸವಕ್ಕೆ ಮಂಗಳೂರಿಗೆ ಹೋಗಿ ಹೋಟೆಲಿನಲ್ಲಿ ದುಡ್ಡು ಸುರಿಯುವ ಬದಲು ಮನೆಯಲ್ಲೇ ಸ್ವಲ್ಪ ವೈನ್, ಸ್ವಲ್ಪ ಚಾಕೊಲೇಟ್ ಇಟ್ಟುಕೊಂಡು ಕೂರೋಣ ಅಂತ ಇದ್ದೇವೆ. ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ನಿಮ್ಮ ಅಂಕಣದಲ್ಲಿ ಬರೆಯಬಾರದಾ?" ಹುಡುಗಿ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತಾ, ಗಂಡನಿಗೆ ಕೇಳಿಸಿಯೂ ಕೇಳಿಸದ ಹಾಗೆ ಸೇರಿಸಿದಳು: "ಆದರೆ ಆಂಟಿ, ಅತ್ತೆಗೆ ಬಾಟಲಿ ಕಂಡರೆ ಆಗುವುದಿಲ್ಲ."

ಹುಡುಗನ ಪ್ರಶ್ನೆಗೆ ಉತ್ತರ ಸುಲಭ. ಹುಡುಗಿಯ ಮಾತು ನಮ್ಮನ್ನು ಒಂದು ತಿಂಗಳು ಕಾಡಿತು. ಸುಲಭದ್ದನ್ನೇ ಮೊದಲು ಮುಗಿಸೋಣ.

ವೈನ್ ಮತ್ತು ಚಾಕೊಲೇಟ್ ಎಂದರೆ ಎಲ್ಲೋ ಫ್ರಾನ್ಸಿನವರ ಸಂಗತಿ ಎಂದು ನಮ್ಮಲ್ಲಿ ಹಲವರಿಗೆ ಅನಿಸುತ್ತದೆ. ಆದರೆ ಕಾಸರಗೋಡಿನ ಮನೆಯವರಾದ ನಮಗೆ ಇವೆರಡೂ ಅಂಗಳದ ವಸ್ತುಗಳು. ಅಡಿಕೆ ತೋಟದ ಸಾಲಿನ ನಡುವೆ ಕೊಕ್ಕೋ ಗಿಡಗಳಿವೆ. ಶಾಲೆಯಿಂದ ಬಂದ ಮಕ್ಕಳು ಕೊಕ್ಕೋ ಕಾಯಿ ಒಡೆದು ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪಿ, ಬೀಜವನ್ನು ಬುಟ್ಟಿಗೆ ಉಗುಳುತ್ತಿದ್ದುದು ನಮಗೆಲ್ಲ ನೆನಪಿದೆ. ಅಳಿಲು, ಹೆಗ್ಗಣ ಉಳಿಸಿದ್ದು ಮಾತ್ರ ನಮ್ಮ ಪಾಲು. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಮತ್ತು ಅದರ ವಿಟ್ಲದ ಕೇಂದ್ರ ಕೊಕ್ಕೋ ತಳಿಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿವೆ. ಕರ್ನಾಟಕ, ಕೇರಳ ಎರಡೂ ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೋ ಮೊದಲು ಅಡಿಕೆಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ. ಕೊಕ್ಕೋ ಬೀಜ ಕೊಳ್ಳುವವರಿಲ್ಲದೆ ಬೆಲೆ ನೆಲಕಚ್ಚಿದಾಗ ಅದು ನಮ್ಮವರ ಬೀಜವನ್ನೂ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಆ ಕಾಲದಲ್ಲಿ ಬೇಸತ್ತು ಗಿಡ ಕಡಿದವರು, 2024ರಲ್ಲಿ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ಬೆಳೆ ಕೆಟ್ಟು ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿದಾಗ ಕೈ ಕೈ ಹಿಸುಕಿಕೊಂಡರು. (ಕಡಿದವರಲ್ಲಿ ನಾವೂ ಇದ್ದೇವೆ. ಆ ಮಾತು ಬೇಡ.)

ಹಸಿ ಕೊಕ್ಕೋ ಬೀಜವನ್ನು ಸುಮ್ಮನೆ ಒಣಗಿಸಿದರೆ ಅದರಲ್ಲಿ ಚಾಕೊಲೇಟಿನ ರುಚಿ ಬರುವುದಿಲ್ಲ, ಬರೀ ಕಹಿ, ಒಗರು. ತಿರುಳಿನ ಸಮೇತ ಪೆಟ್ಟಿಗೆಯಲ್ಲಿಯೋ ಬಾಳೆಲೆ ಮುಚ್ಚಿದ ರಾಶಿಯಲ್ಲಿಯೋ ಐದಾರು ದಿನ ಹುಳಿಸಬೇಕು, ಎರಡು ದಿನಕ್ಕೊಮ್ಮೆ ಮಗುಚಬೇಕು. ಆಗ ಮೊದಲು ತಿರುಳಿನ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಬದಲಾಯಿಸುತ್ತದೆ. ರಾಶಿಯ ಹತ್ತಿರ ಮೂಗು ಒಯ್ದರೆ ಥೇಟ್ ಕ್ರಿಸ್ಮಸ್ ವೈನಿನ ಭರಣಿ ತೆರೆದಂಥ ವಾಸನೆ. ಆಮೇಲೆ ಅದು ಹುಳಿಯಾಗಿ, ರಾಶಿ ಬಿಸಿಯಾಗಿ, ಬೀಜದೊಳಗೆ ಚಾಕೊಲೇಟಿನ ಬೀಜರುಚಿ ಹುಟ್ಟುತ್ತದೆ. ದ್ರಾಕ್ಷಿಯೂ ಕೊಕ್ಕೋವೂ ಒಂದೇ ಯೀಸ್ಟಿನ ದಾರಿಯಲ್ಲಿ ಸ್ವಲ್ಪ ದೂರ ಜೊತೆಯಾಗಿ ನಡೆದು ಬಂದವು. ಆದರೂ ಎಲ್ಲ ವೈನಿಗೂ ಎಲ್ಲ ಚಾಕೊಲೇಟಿಗೂ ಕೂಡಿಬರುವುದಿಲ್ಲ. ಎಷ್ಟಾದರೂ ಒಂದೇ ಮನೆಯವರಲ್ಲವೇ!

ಜೋಡಿಸುವ ನಿಯಮ ಒಂದೇ: ಚಾಕೊಲೇಟ್ ಎಷ್ಟು ಸಿಹಿಯೋ, ವೈನ್ ಕನಿಷ್ಠ ಅಷ್ಟು ಸಿಹಿ ಇರಬೇಕು. ಕ್ರಿಸ್ಮಸ್ಸಿನ ದಿನ ಕುಸ್ವಾರಿನ ತಟ್ಟೆಯಿಂದ ಎರಡು ನೆವ್ರಿ ತಿಂದು ಚಹಾ ಕುಡಿದು ನೋಡಿ. ಎಂದಿನಷ್ಟೇ ಸಕ್ಕರೆ ಹಾಕಿದ ಚಹಾ ಸಪ್ಪೆ ಎನಿಸಿ, "ಇವತ್ತು ಸಕ್ಕರೆ ಹಾಕಲು ಮರೆತೆಯಾ?" ಎಂದು ಗಂಡ ಕೇಳುವುದು, ಹೆಂಡತಿ ಮುಖ ಊದಿಸುವುದು ಎಷ್ಟು ಮನೆಗಳಲ್ಲಿ ನಡೆದಿಲ್ಲ! ನಾಲಿಗೆಗೆ ಸಿಹಿ ಅಭ್ಯಾಸವಾದ ಮೇಲೆ ಅದಕ್ಕಿಂತ ಕಡಿಮೆ ಸಿಹಿ ಇರುವುದೆಲ್ಲ ಹುಳಿ, ಒಗರು ಎನಿಸುತ್ತದೆ. ಸಿಹಿಯೇ ಇಲ್ಲದ ಕೆಂಪು ವೈನನ್ನು ಹಾಲಿನ ಚಾಕೊಲೇಟಿನ ಮೇಲೆ ಕುಡಿದರೆ ಆಗುವುದು ಇದೇ. ನೂರಾರು ರೂಪಾಯಿ ಕೊಟ್ಟು ತಂದ ವೈನ್ ವಿನೆಗರಿನ ತಮ್ಮನಂತೆ ಕಾಣುತ್ತದೆ, ತಪ್ಪು ವೈನಿನದ್ದಲ್ಲ.

ಎರಡನೆಯ ಸಂಗತಿ ಒಗರು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಕಡುಚಹಾ ಕುಡಿದಾಗ ನಾಲಿಗೆ ಒಣಗಿದಂತಾಗುವುದು ಇದರಿಂದಲೇ. ಕೊಕ್ಕೋದಲ್ಲೂ ಅಂಥದ್ದೇ ಒಗರಿದೆ. ನೂರಕ್ಕೆ 70 ಭಾಗ ಕೊಕ್ಕೋ ಇರುವ ಕಪ್ಪು ಚಾಕೊಲೇಟಿಗೆ ಕಾಬರ್ನೆ ಸಾವಿನ್ಯೋನಿನಂಥ ಬಿಗಿಯಾದ ಒಣ ಕೆಂಪು ವೈನ್ ಕೊಟ್ಟರೆ ಒಗರಿನ ಮೇಲೆ ಒಗರು ಕೂತು, ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಸಿಟ್ಟು ಮಾಡಿಕೊಂಡ ಹಾಗೆ. ಸಿನಿಮಾದಲ್ಲಿ ಕಾಣುವ ಜೋಡಿ ಅದೇ ಆದರೂ ನಮಗೆ ಅದು ಸೇರುವುದಿಲ್ಲ. ಶಿರಾಜ್‌ನಂಥ ಸ್ವಲ್ಪ ಮೆದು ಕೆಂಪು ವೈನೇ ಕೈಯಲ್ಲಿದ್ದರೆ 50, 55ರ ಆಸುಪಾಸಿನ ಚಾಕೊಲೇಟ್ ತೆಗೆದುಕೊಂಡು ಜೊತೆಗೆ ಉಪ್ಪು ಹಾಕಿ ಹುರಿದ ಗೇರುಬೀಜ ಇಡಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಗೇರುಬೀಜಕ್ಕೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ಕಪ್ಪು ಚಾಕೊಲೇಟಿಗೆ ಒಪ್ಪುವುದು ಪೋರ್ಟ್ ಜಾತಿಯ ಸಿಹಿ ವೈನ್. ಪೋರ್ಚುಗಲ್ಲಿನ ಡೌರೋ ಕಣಿವೆಯಲ್ಲಿ ದ್ರಾಕ್ಷಾರಸ ಹುಳಿಯುತ್ತಿರುವಾಗಲೇ, ಸಕ್ಕರೆಯೆಲ್ಲ ಮದ್ಯಸಾರವಾಗುವ ಮೊದಲೇ, ದ್ರಾಕ್ಷಿಯ ಸ್ಪಿರಿಟ್ ಸೇರಿಸಿ ಯೀಸ್ಟನ್ನು ನಿಲ್ಲಿಸಿಬಿಡುತ್ತಾರೆ. ಉಳಿದ ಸಕ್ಕರೆಯಿಂದ ಸಿಹಿ, ಸೇರಿಸಿದ ಸ್ಪಿರಿಟಿನಿಂದ ಬಲ. ನೂರಕ್ಕೆ ಸುಮಾರು 20 ಭಾಗ ಮದ್ಯಸಾರ ಇರುವುದರಿಂದ ಅದನ್ನು ಪುಟ್ಟ ಗ್ಲಾಸಿನಲ್ಲೇ ಕುಡಿಯುತ್ತಾರೆ. ನಮ್ಮ ದೇಶದಲ್ಲಿ ಪೋರ್ಟ್ ಎಂಬ ಹೆಸರು ಹೊತ್ತು ಕಡಿಮೆ ಬೆಲೆಗೆ ಸಿಗುವ ಸಿಹಿ ವೈನ್ ಆ ಪೋರ್ಟ್ ಅಲ್ಲ. ಆದರೂ ಚಾಕೊಲೇಟಿನ ಜೊತೆ ಕೂರಲು ಅದರ ಸಿಹಿ ಸಾಕು, ನಮಗೆ ನಾಚಿಕೆಯೂ ಇಲ್ಲ. ಹಾಲಿನ ಚಾಕೊಲೇಟಾದರೆ, ನಾಸಿಕದ ಕಡೆ ಬಳ್ಳಿಯಲ್ಲೇ ತಡವಾಗಿ ಬಿಟ್ಟು ಕೊಯ್ದ ದ್ರಾಕ್ಷಿಯಿಂದ ಮಾಡುವ ಸಿಹಿ ಶೆನಿನ್ ಬ್ಲಾಂಕ್ ಚೆನ್ನ. ಅದನ್ನು ತಣ್ಣಗೆ ಮಾಡಿಯೇ ಕುಡಿಯಬೇಕು. ಬಿಳಿ ಚಾಕೊಲೇಟಿನಲ್ಲಿ ಕೊಕ್ಕೋದ ಪುಡಿಯೇ ಇಲ್ಲ, ಇರುವುದು ಕೊಕ್ಕೋ ಬೆಣ್ಣೆ, ಹಾಲು, ಸಕ್ಕರೆ ಮಾತ್ರ. ಅದು ಮಕ್ಕಳಿಗಿರಲಿ.

ಚಾಕೊಲೇಟ್ ಕೊಳ್ಳುವಾಗ ಹೊದಿಕೆಯ ಹಿಂದೆ ಓದಿ. ಕೊಕ್ಕೋ ಬೆಣ್ಣೆಯ ಬದಲು ಬೇರೆ ವನಸ್ಪತಿ ಕೊಬ್ಬು ಹಾಕಿದ್ದರೆ ಅದು ಬಾಯಲ್ಲಿ ಮೇಣದಂತೆ ಅಂಟಿಕೊಳ್ಳುತ್ತದೆ, ಮೇಲಿನಿಂದ ಯಾವ ವೈನ್ ಕುಡಿದರೂ ರುಚಿ ತಿಳಿಯದು. ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಮೈಬಿಸಿಗಿಂತ ಸ್ವಲ್ಪ ಕೆಳಗೆ. ಬಾಯಲ್ಲಿಟ್ಟರೆ ಕರಗುವ ಗುಟ್ಟು ಅದು. ಏಪ್ರಿಲ್ ತಿಂಗಳಲ್ಲಿ ನಮ್ಮ ಕಪಾಟಿನಲ್ಲೇ ಕರಗುವ ಗುಟ್ಟೂ ಅದೇ. ಹಾಗೆಂದು ಫ್ರಿಜ್ಜಿನಲ್ಲಿ ಒಣಮೀನಿನ ಪೊಟ್ಟಣದ ಪಕ್ಕ ಇಡಬೇಡಿ. ಕೊಬ್ಬು ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ತಿನ್ನುವ 15-20 ನಿಮಿಷ ಮೊದಲು ಹೊರಗೆ ತೆಗೆಯಿರಿ. ಮೇಲೆ ಬಿಳಿ ಪೊರೆ ಕಂಡರೆ ಬೂಸ್ಟೆಂದು ಎಸೆಯಬೇಡಿ; ಕರಗಿ ಮತ್ತೆ ಗಟ್ಟಿಯಾದಾಗ ಮೇಲೆ ಬಂದ ಕೊಬ್ಬು ಅದು, ಪಾಯಸಕ್ಕಾದರೂ ಆಗುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂದು ಬರೆದವರ ಕೋಣೆ ಯುರೋಪಿನದ್ದು. ನಮ್ಮ ಕೋಣೆಗೆ ಅದು ಹೊಂದುವುದಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇರಲಿ.

ರಾತ್ರಿಯೂಟಕ್ಕೆ ಸಿಗಡಿ ಗಸಿ ಮಾಡಿದ್ದರೆ ಉರಿಯುವ ನಾಲಿಗೆಗೆ ಏನೂ ತಿಳಿಯುವುದಿಲ್ಲ, ಅಂದು ಸಪ್ಪೆ ಊಟ ಇರಲಿ. ಚಾಕೊಲೇಟಿನ ಸಣ್ಣ ತುಂಡನ್ನು ಅಗಿಯದೆ ನಾಲಿಗೆಯ ಮೇಲೆ ಕರಗಲು ಬಿಡಿ. ಮುಕ್ಕಾಲು ಕರಗಿದಾಗ ವೈನ್ ಒಂದು ಗುಟುಕು. ನಡುವೆ ನೀರು. ಇಬ್ಬರಿಗೆ ಸೇರಿ 40 ಗ್ರಾಂ ಚಾಕೊಲೇಟ್ ಧಾರಾಳ ಸಾಕು. ನಿಧಾನವೇ ಇದರಲ್ಲಿ ಎಲ್ಲ. ಮೊಬೈಲು ಇನ್ನೊಂದು ಕೋಣೆಯಲ್ಲಿ ಮಲಗಿರಲಿ.

ಇನ್ನು ಭರಣಿಯ ವಿಷಯ. ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಯೀಸ್ಟ್, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ ಹಾಕಿ, ಬಟ್ಟೆ ಕಟ್ಟಿ, 21 ದಿನ ಕತ್ತಲೆಯಲ್ಲಿಡುವ ಅಜ್ಜಿಯರ ವೈನ್ ಸಿಹಿಯಾಗಿರುವುದರಿಂದ ಕಪ್ಪು ಚಾಕೊಲೇಟಿಗೆ ಹೇಳಿಮಾಡಿಸಿದಂತಿತ್ತು. ಆದರೆ ಗಡಿಯ ಈಚೆಗಿರುವ ನಮಗೆ ಕೇರಳದ ಅಬಕಾರಿ ಕಾನೂನು ಅನ್ವಯಿಸುತ್ತದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಹುಳಿಸಿ ವೈನ್ ಮಾಡುವುದು ಅಪರಾಧ ಎಂದು 2019ರ ಕ್ರಿಸ್ಮಸ್ಸಿಗೆ ಮೊದಲು ಇಲಾಖೆ ಎಚ್ಚರಿಸಿದಾಗ ಎಷ್ಟೋ ಅಜ್ಜಿಯರು ಭರಣಿಯನ್ನು ಉಪ್ಪಿನಕಾಯಿಗೆ ಕೊಟ್ಟರು. ನಮಗೆ ಬೇಸರವಿದೆ, ಆದರೂ ಧರ್ಮಕೇಂದ್ರದ ಪತ್ರಿಕೆಯಲ್ಲಿ ಬೇರೆ ಏನು ಬರೆಯಲಿ? ತಲಪಾಡಿಯ ಆಚೆಯಿಂದ ಚೀಲದಲ್ಲಿ ಬಾಟಲಿ ತರುವ ಸಾಹಸವೂ ಬೇಡ. ಸರಕಾರಿ ಅಂಗಡಿಯ ಸಾಲಿನಲ್ಲಿ ನಿಂತು, ಬಿಲ್ಲು ಸಮೇತ ಕೊಂಡು ತನ್ನಿ. ಯಾರಾದರೂ ಪರಿಚಯದವರು ಕಂಡರೆ ನಮ್ಮ ಅಂಕಣದ ಹೆಸರು ಹೇಳಬಹುದು.

ಚಾಕೊಲೇಟಿಗೂ ಧರ್ಮಸಭೆಗೂ ಇರುವ ನಂಟು ಸ್ವಾರಸ್ಯದ್ದು. ಅಮೆರಿಕದಿಂದ ಯುರೋಪಿಗೆ ಬಂದ ಹೊಸತರಲ್ಲಿ ಚಾಕೊಲೇಟ್ ಕುಡಿಯುವ ಪದಾರ್ಥವಾಗಿತ್ತು. ಉಪವಾಸದ ದಿನ ಅದನ್ನು ಕುಡಿದರೆ ಉಪವಾಸ ಮುರಿಯುತ್ತದೆಯೇ ಎಂದು ಪಂಡಿತರು ದಶಕಗಟ್ಟಲೆ ವಾದಿಸಿದರು. ಕಾರ್ಡಿನಲ್ ಬ್ರಾಂಕಾಚ್ಚೊ ಅವರು 1664ರಲ್ಲಿ ರೋಮಿನಲ್ಲಿ ಇದರ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿ, ಅದು ಪಾನೀಯವಾದ್ದರಿಂದ ಮುರಿಯುವುದಿಲ್ಲ ಎಂಬ ಪಕ್ಷ ಹಿಡಿದರು. ಇಂಗ್ಲೆಂಡಿನ ಥಾಮಸ್ ಗೇಜ್ ಎಂಬವರು 1648ರಲ್ಲಿ ಪ್ರಕಟಿಸಿದ ಪ್ರವಾಸದ ಪುಸ್ತಕದಲ್ಲಿ, ಮೆಕ್ಸಿಕೋದ ಚಿಯಾಪದಲ್ಲಿ ಪೂಜೆಯ ನಡುವೆ ಚಾಕೊಲೇಟ್ ಕುಡಿಯುತ್ತಿದ್ದ ಮಹಿಳೆಯರನ್ನು ಬಿಷಪರು ತಡೆದ ಕಥೆಯಿದೆ. ಆಮೇಲೆ ಆ ಬಿಷಪರು ತೀರಿಕೊಂಡದ್ದು ವಿಷ ಬೆರೆಸಿದ ಚಾಕೊಲೇಟಿನಿಂದ ಎಂಬ ಊರ ಮಾತನ್ನೂ ಆತ ಬರೆದಿದ್ದಾರೆ. ಗೇಜ್ ನಮ್ಮ ಸಭೆಯನ್ನು ಬಿಟ್ಟುಹೋದವರು, ಉಪ್ಪು ಖಾರ ಸೇರಿಸಿರಬಹುದು. ನಮ್ಮ ಕಾಲದ ಗೊಂದಲ ಇನ್ನೊಂದು: 2018ರಲ್ಲೂ 2024ರಲ್ಲೂ ಬೂದಿ ಬುಧವಾರ ಫೆಬ್ರವರಿ 14ರಂದೇ ಬಂತು, 2029ರಲ್ಲೂ ಹಾಗೆಯೇ ಬರಲಿದೆ. ಅಂಥ ವರ್ಷ ಚಾಕೊಲೇಟು ಮಂಗಳವಾರವೇ ಮುಗಿಯಲಿ. ಬುಧವಾರ ಹಣೆಗೆ ಬೂದಿ, ಹೊಟ್ಟೆಗೆ ಉಪವಾಸ.

ವೈನಿನ ಬಗ್ಗೆ ಬರೆದಾಗ ಕಾನಾ ಊರಿನ ಮದುವೆಯನ್ನು ಬಿಟ್ಟು ಹೋಗುವ ಹಾಗಿಲ್ಲ. ಸಂತ ಯೊವಾನ್ನರ ಶುಭಸಂದೇಶದ ಎರಡನೆಯ ಅಧ್ಯಾಯದ ಆರು ಕಲ್ಲಿನ ಬಾನೆಗಳ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಸುಮಾರು 500ರಿಂದ 700 ಲೀಟರ್ ಆಗುತ್ತದಂತೆ. ನಮ್ಮ ಕಣ್ಣಿಗೆ ಬೀಳುವುದು ಬೇರೆ. ದ್ರಾಕ್ಷಾರಸ ಮುಗಿದದ್ದು ಮದುಮಗನಿಗೆ ಗೊತ್ತಿರಲಿಲ್ಲ. ಊಟದ ಮೇಲ್ವಿಚಾರಕನಿಗೂ ಗೊತ್ತಿರಲಿಲ್ಲ. ಮಾತೆ ಮರಿಯಮ್ಮ ಅದನ್ನು ಗಮನಿಸಿದರು, ಯಾರಿಗೂ ಮುಜುಗರವಾಗದ ಹಾಗೆ ಮಗನ ಕಿವಿಗೆ ಹಾಕಿದರು. ಮನೆಯಲ್ಲಿ ಏನು ಬರಿದಾಗುತ್ತಿದೆ ಎಂದು ಎಷ್ಟೋ ಸಲ ದಂಪತಿಗಳಿಗೇ ಮೊದಲು ತಿಳಿಯುವುದಿಲ್ಲ.

ಈಗ ಹುಡುಗಿಯ ಮಾತಿಗೆ ಬರುತ್ತೇವೆ.

ನಮ್ಮಿಬ್ಬರಲ್ಲಿ ಒಬ್ಬರ ತಂದೆ ಕುಡಿಯುತ್ತಿದ್ದರು. ಯಾರ ತಂದೆ ಎಂದು ಬರೆಯುವುದಿಲ್ಲ, ತಿಳಿದವರಿಗೆ ತಿಳಿದಿದೆ. ಸಂಜೆ ಅಂಗಳದಲ್ಲಿ ಚಪ್ಪಲಿಯ ಸದ್ದು ಕೇಳಿದೊಡನೆ ಮಕ್ಕಳು ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗುತ್ತಿದ್ದ ಮನೆ ಅದು. ಅಂಥ ಮನೆಯಿಂದ ಬಂದವರಿಗೆ ಬಾಟಲಿ ಎಂದರೆ ಬಾಟಲಿಯೇ, ಅದರೊಳಗೆ ನಾಸಿಕದ ದ್ರಾಕ್ಷಾರಸ ಇದ್ದರೂ ಸರಿ. ಮದುವೆಯಾದ ದಿನದಿಂದ ನಮ್ಮ ಮನೆಯಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಇದರ ಬಗ್ಗೆ ನಾವು ಕೂತು ಮಾತಾಡಿ ತೀರ್ಮಾನಿಸಿದ್ದೂ ಅಲ್ಲ. ಇನ್ನೊಬ್ಬರು ಕೇಳಲಿಲ್ಲ, ಒಬ್ಬರು ಹೇಳಲಿಲ್ಲ.

ನಮ್ಮ ಇಪ್ಪತ್ತೈದನೆಯ ವರ್ಷಕ್ಕೆ ಮಗ ಒಂದು ಬಾಟಲಿ ಪೋರ್ಟ್ ಮತ್ತು ಒಂದು ಪೆಟ್ಟಿಗೆ ಕಪ್ಪು ಚಾಕೊಲೇಟ್ ತಂದುಕೊಟ್ಟ. ಅವನಿಗೇನು ಗೊತ್ತು ಅಜ್ಜನ ಕಥೆ? ಚಾಕೊಲೇಟನ್ನು ನೆಂಟರ ಮಕ್ಕಳು ಮುಗಿಸಿದರು. ಬಾಟಲಿ ಬಟ್ಟೆಯ ಕಪಾಟಿನಲ್ಲಿ, ಮದುವೆಯ ಸೀರೆಯ ಹಿಂದೆ ಒಂದು ವರ್ಷ ಮಲಗಿತು. ಮರುವರ್ಷ ನವೆಂಬರಿನಲ್ಲಿ, ಅದೇ ದಿನ, ಜಪಸರ ಮುಗಿಸಿ, ಹೊಸ ಚಾಕೊಲೇಟ್ ತಟ್ಟೆಯಲ್ಲಿಟ್ಟು, ಎರಡು ಪುಟ್ಟ ಗ್ಲಾಸು ತೊಳೆದು ಕೂತೆವು. ಮುಚ್ಚಳ ತೆರೆದದ್ದೇ ತಡ, ಆ ವಾಸನೆಗೆ ನಮ್ಮಲ್ಲೊಬ್ಬರ ಕೈ ನಡುಗಿ ಗ್ಲಾಸು ಮೇಜಿನ ಮೇಲೆ ಹಿಂದಿರುಗಿತು. ಇನ್ನೊಬ್ಬರು ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋಗಿ, ಪುನರ್ಪುಳಿಯ ಶರಬತ್ತನ್ನು ಅದೇ ಗ್ಲಾಸುಗಳಲ್ಲಿ ತಂದಿಟ್ಟರು. ಒಂದು ಮಾತು ತಿಳಿದಿರಲಿ: ಸಕ್ಕರೆ ಜೋರಾಗಿ ಹಾಕಿದ ಪುನರ್ಪುಳಿ ಕಪ್ಪು ಚಾಕೊಲೇಟಿಗೆ ಯಾವ ಪೋರ್ಟಿಗೂ ಸೋಲುವುದಿಲ್ಲ; ಅದರ ಹುಳಿಸಿಹಿಗೆ ಚಾಕೊಲೇಟಿನೊಳಗಿನ ಹಣ್ಣಿನ ರುಚಿ ಎದ್ದು ಬರುತ್ತದೆ. ಆ ರಾತ್ರಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನಾವು ಆ ತಂದೆಯ ಬಗ್ಗೆ ಮಾತಾಡಿದೆವು. ಕುಡಿಯದ ದಿನಗಳಲ್ಲಿ ಅವರು ಮಕ್ಕಳಿಗೆ ಕೊಕ್ಕೋ ಕಾಯಿ ಒಡೆದು ಕೊಡುತ್ತಿದ್ದರಂತೆ. ಇಷ್ಟು ವರ್ಷ ಜೊತೆಗಿದ್ದ ಇನ್ನೊಬ್ಬರಿಗೆ ಅದು ಗೊತ್ತೇ ಇರಲಿಲ್ಲ. ಗಡಿಯಾರ ಹನ್ನೆರಡು ಹೊಡೆದದ್ದೂ ತಿಳಿಯಲಿಲ್ಲ.

ಆದ್ದರಿಂದ ಆ ಮಗಳಿಗೆ ನಾವು ಹೇಳುವುದು ಇಷ್ಟು. ಅತ್ತೆಗೆ ಕದ್ದು ಬಾಟಲಿಯನ್ನು ಕೋಣೆಗೆ ಒಯ್ಯಬೇಡ. ಬಾಗಿಲು ಹಾಕಿದ ಕೋಣೆಯಿಂದ ಬರುವ ವಾಸನೆ ಆಕೆಗೆ ಏನನ್ನು ನೆನಪಿಸುತ್ತದೋ ನಿನಗೆ ಗೊತ್ತಿಲ್ಲ. ಮೊದಲು ನಿನ್ನ ಗಂಡನನ್ನು ಕೇಳು, ಅಮ್ಮನಿಗೆ ಬಾಟಲಿ ಕಂಡರೆ ಯಾಕೆ ಆಗುವುದಿಲ್ಲ ಎಂದು. ಅವನಿಗೆ ಗೊತ್ತಿರಬಹುದು, ಹೇಳಿರಲಿಕ್ಕಿಲ್ಲ. ಈ ವರ್ಷ ಪುನರ್ಪುಳಿಯೋ, ಲವಂಗ ಹಾಕಿ ಕುದಿಸಿ ತಣಿಸಿದ ದ್ರಾಕ್ಷಿ ರಸವೋ ಇರಲಿ. ಚಾಕೊಲೇಟಿನ ಎರಡು ತುಂಡು ಅತ್ತೆಯ ತಟ್ಟೆಗೂ ಹೋಗಲಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಗೋ ಬಿ.ಪಿ.ಗೋ ಮಾತ್ರೆ ತಿನ್ನುವವರು, ಒಂದು ಕಾಲದಲ್ಲಿ ಕುಡಿತಕ್ಕೆ ಬಿದ್ದು ದೇವರ ದಯೆಯಿಂದ ಎದ್ದು ಬಂದವರು ಇರುವ ಮನೆಯಲ್ಲೂ ಇದೇ ದಾರಿ. ಆರೋಗ್ಯಕ್ಕೆ ಪೂರ್ತಿ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹೃದಯಕ್ಕೆ ಒಳ್ಳೆಯದೆಂದು ಯಾರೂ ವೈನ್ ಶುರು ಮಾಡಬೇಕಾಗಿಲ್ಲ. ಕುಡಿಯುವವರು ಒಂದು ಸಣ್ಣ ಗ್ಲಾಸಿಗೆ ನಿಲ್ಲಿಸಲಿ.

ನಮ್ಮ ಪೋರ್ಟ್ ಬಾಟಲಿ ಏನಾಯಿತು ಎಂದು ಕೇಳುವಿರಿ. ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ಅಂಥ ವೈನಿನ ರುಚಿ ಕೆಲವು ವಾರವಷ್ಟೇ ಉಳಿಯುವುದು. ಮರುದಿನವೇ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಗೇರುಬೀಜ ಹೆಚ್ಚಿ ಗಾಜಿನ ಜಾಡಿಗೆ ತುಂಬಿ, ಇಡೀ ಬಾಟಲಿಯನ್ನು ಅದರ ಮೇಲೆ ಸುರಿದೆವು. ಸುರಿದದ್ದು, ವಾಸನೆಗೆ ಕೈ ನಡುಗಿದವರೇ. ಆ ವರ್ಷದ ಕ್ರಿಸ್ಮಸ್ ಕೇಕು ಚೆನ್ನಾಗಿತ್ತೆಂದು ಫಾದರ್ ಎರಡು ತುಂಡು ಕೇಳಿ ತೆಗೆದುಕೊಂಡರು.